ಸುಮಿತ್ರಾಳ ಕೈಗೆ ಬೆಲೆ ಕಟ್ಟಿದ ಕಥೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಸುಮಿತ್ರಾಗೆ ಹೊಟ್ಟೆಕಿಚ್ಚು ಹತ್ತಿಸಿದ್ದು ಒಂದು ಸೋಫಾ. ಅದು ಅದೇ ಕಾಲೋನಿಯಲ್ಲಿದ್ದ, ಧಾರವಾಡ ಕಡೆಯ ಹರಿಣಿಯ ಮನೆಯದು. ಹರಿಣಿಗೆ ಎರಡು ವರ್ಷದ ಹಿಂದೆ ಕಾರು ಗುದ್ದಿ ಕಾಲು ಮುರಿದಿತ್ತು. ವಿಮಾ ಕಂಪನಿಯಿಂದ ಪರಿಹಾರ ಬಂತು, ಅದರ ಬೆನ್ನಿಗೇ ಸೋಫಾ ಬಂತು, ಲಿಫ್ಟ್ ಇರುವ ಮನೆಯೂ ಸಿಕ್ಕಿತು. ಇಬ್ಬರ ಗಂಡಂದಿರೂ ಒಂದೇ ಬ್ಯಾಂಕಿನವರು, ಕರ್ನಾಟಕದಿಂದ ವರ್ಗವಾಗಿ ಬಂದವರು, ಸಂಬಳವೂ ಒಂದೇ. ಹಾಗಿರುವಾಗ ಅವಳೊಬ್ಬಳೇ ಮೇಲೇರಿದ್ದು ಸುಮಿತ್ರಾಗೆ ಸಹಿಸಲಾಗುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಸುಮಿತ್ರಾಳ ಸ್ಕೂಟರಿಗೂ ಒಂದು ಕಾರು ಗುದ್ದಿತು. ಊರಿನವರ ರವಿಕೆಗಳಿಗೆಲ್ಲ ಕಸೂತಿ ಹಾಕಿಕೊಡುತ್ತಿದ್ದ ಬಲಗೈ ಮಣಿಕಟ್ಟಿನಲ್ಲಿ ಮುರಿದು, ಒಳಗೆ ಲೋಹದ ಪ್ಲೇಟ್ ಕೂತಿತು. ಆಸ್ಪತ್ರೆಯ ಬಿಲ್ಲನ್ನು ಬ್ಯಾಂಕಿನ ಆರೋಗ್ಯ ವಿಮೆ ಕಟ್ಟಿತು. ಆರೈಕೆಗೆ ನಿಂತ ಗಂಡ ವೆಂಕಟರಮಣನಿಗೆ ರಜೆಯಲ್ಲೂ ಸಂಬಳ ಬಂತು. ನಮಗೇನೂ ನಷ್ಟವಿಲ್ಲ, ಇನ್ನು ಕಾರಿನ ವಿಮೆಯವರು ಕೊಟ್ಟಷ್ಟೂ ಲಾಭ ಎಂದು ಇಬ್ಬರೂ ಅಂದುಕೊಂಡರು. ತಿಂಗಳ ಸಂಬಳದ ಮನೆಗಳಲ್ಲಿ ಈ ತಪ್ಪು ಬಹಳ ಸಲೀಸಾಗಿ ಆಗುತ್ತದೆ.

ವಿಮಾ ಕಂಪನಿಯ ಪ್ರತಿನಿಧಿ ರಾಜಿಗೆ ಬಂದಾಗ ಸುಮಿತ್ರಾ ಕೇಳಿದ್ದು ಒಂದೇ ಮಾತು. ಹರಿಣಿಗೆ ಬಂದದ್ದು ಇಷ್ಟು, ನನಗೆ ಅದಕ್ಕಿಂತ ಸ್ವಲ್ಪವಾದರೂ ಹೆಚ್ಚಿರಬೇಕು. ಆತ ನಗುನಗುತ್ತಾ ಒಪ್ಪಿದ. ಒಪ್ಪದೆ ಏನು, ಅವನ ಕೆಲಸವನ್ನು ಇವಳೇ ಹಗುರ ಮಾಡಿಕೊಟ್ಟಿದ್ದಳು! ಅಷ್ಟರಲ್ಲಿ ವೆಂಕಟರಮಣನಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾಳೆಯೇ ಸಹಿ ಹಾಕಿ ಮುಗಿಸೋಣ ಎಂದ. ಸುಮಿತ್ರಾಗೂ ಅವಸರವಿತ್ತು. ಊರು ಬಿಡುವ ಮೊದಲು ಆ ಮೊತ್ತ ಹರಿಣಿಯ ಕಿವಿಗೆ ಬೀಳಬೇಕಿತ್ತು.

ಅಂದು ಸಂಜೆ ಹರಿಣಿಯೇ ಅವರನ್ನು ಬೀಳ್ಕೊಡಲು ಬಂದಳು. ಕುರ್ಚಿಗಳನ್ನೆಲ್ಲ ಕಟ್ಟಿಟ್ಟಾಗಿತ್ತು, ಸುಮಿತ್ರಾ ಚಾಪೆ ಹಾಸಿದಳು. ಹರಿಣಿ ಕೂರಲಿಲ್ಲ, ಗೋಡೆಗೆ ಒರಗಿ ನಿಂತೇ ಇದ್ದಳು. ಸೋಫಾ ಕಂಡವಳಿಗೆ ನಮ್ಮ ಚಾಪೆ ಒಗ್ಗುತ್ತದೆಯೇ ಎಂದು ಸುಮಿತ್ರಾಳ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಮೊತ್ತ ಹೇಳಿದಳು. ನಿಮಗಿಂತ ಹೆಚ್ಚೇ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಹೊರಟವಳಿಗೆ ಕುಂಕುಮ ಕೊಡಬೇಕಲ್ಲ. ಭರಣಿಯ ಮುಚ್ಚಳ ತಿರುಗಿಸಲು ಹೋದರೆ ಮಣಿಕಟ್ಟು ತಿರುಗಲೇ ಇಲ್ಲ. ಎಡಗೈಯಲ್ಲಿ ಕುಂಕುಮ ಕೊಡುವಂತಿಲ್ಲ. ಸುಮಿತ್ರಾಳ ಕಣ್ಣು ತುಂಬಿತು. ಹರಿಣಿ ಭರಣಿ ತೆಗೆದುಕೊಂಡು ತಾನೇ ತೆರೆದಳು.

“ಸಿಟ್ಟಾಗಬ್ಯಾಡ್ರಿ, ಸುಮಿತ್ರಾ. ನಾ ಚಾಪಿ ಮ್ಯಾಲೆ ಕೂಡದೇ ಇದ್ದದ್ದು ಸೊಕ್ಕಿಗಲ್ಲ. ನನ್ನ ಮೊಣಕಾಲು ಮಡಚಂಗಿಲ್ಲ. ಅದಕ್ಕ ಸೋಫಾ, ಅದಕ್ಕ ಲಿಫ್ಟ್ ಇರೋ ಮನಿ.”

ಕಾಲು ವಾಸಿಯಾಗುವ ಮೊದಲೇ ಅವಳು ಲೋಕ ಅದಾಲತ್‌ನಲ್ಲಿ ರಾಜಿಗೆ ಒಪ್ಪಿದ್ದಳಂತೆ. ಈಗ ಇನ್ನೊಂದು ಆಪರೇಷನ್ ಬೇಕು. ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಖರ್ಚೆಲ್ಲ ಕೈಯಿಂದಲೇ.

“ನನ್ನ ಕಾಲಿಗೆ ಬಂದದ್ದು ನೋಡಿ ನಿಮ್ಮ ಕೈಗೆ ಬೆಲಿ ಕಟ್ಟೀರಿ. ನನ್ನ ಲೆಕ್ಕನೇ ತಪ್ಪಿತ್ತಲ್ಲ,” ಎಂದಳು ಹರಿಣಿ.

ಇಷ್ಟು ದಿನ ಸುಮಿತ್ರಾ ಕರುಬಿದ್ದು ಮಡಚಲಾಗದ ಒಂದು ಮೊಣಕಾಲಿಗೆ.

ಏನೇನು ಕೇಳಬಹುದೆಂದು ಹರಿಣಿ ಬಿಡಿಸಿ ಹೇಳಿದಳು. ಮುಂದೆ ಪ್ಲೇಟ್ ತೆಗೆಸುವ ಖರ್ಚು, ನಿಂತುಹೋದ ಕಸೂತಿಯ ಗಳಿಕೆ, ಮನೆಗೆಲಸಕ್ಕೆ ಇಟ್ಟುಕೊಂಡವರ ಸಂಬಳ, ಆಟೋ ಖರ್ಚು, ಪಟ್ಟ ನೋವು. ಆರೈಕೆಗೆಂದು ಗಂಡ ಖರ್ಚು ಮಾಡಿದ ರಜೆಯೂ ಕಳೆದುಕೊಂಡ ಗಳಿಕೆಯೇ. ಕೈಗೆ ಶಾಶ್ವತ ಊನ ಎಷ್ಟೆಂದು ವೈದ್ಯರು ಬರೆದುಕೊಡದೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ.

ಪಕ್ಕದಲ್ಲೇ ಸಾಮಾನು ಕಟ್ಟುತ್ತಿದ್ದ ವೆಂಕಟರಮಣನಿಗೆ ಇನ್ನೂ ಅನುಮಾನ. “ವಿಜಯವಾಡದಿಂದ ಇಲ್ಲಿಗೆ ಯಾರ್ರೀ ಓಡಾಡ್ತಾರೆ?”

“ಯಾಕ ಓಡಾಡ್ತೀರಿ? ನೀವು ವಾಸ ಇರೋ ಊರಿನ ಮೋಟಾರು ಅಪಘಾತ ನ್ಯಾಯಮಂಡಳಿಯೊಳಗೂ ಅರ್ಜಿ ಹಾಕಬಹುದು. ಹೆಣ್ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರೂ ಪುಕ್ಕಟೆ ಸಿಗ್ತಾರ.”

ಮರುದಿನ ರಾಜಿ ಪತ್ರಕ್ಕೆ ಸಹಿ ಬೀಳಲಿಲ್ಲ. ವಿಜಯವಾಡಕ್ಕೆ ಹೋದ ಮೇಲೆ ಗಂಡ ಹೆಂಡತಿ ಸುಮಿತ್ರಾಳ ಹೆಸರಿನಲ್ಲಿ ಅಲ್ಲಿನ ನ್ಯಾಯಮಂಡಳಿಗೆ ಅರ್ಜಿ ಹಾಕಿದರು, ಊನ ಎಷ್ಟೆಂದು ವೈದ್ಯರ ಪ್ರಮಾಣಪತ್ರ ಪಡೆದರು. ಅದನ್ನು ನೋಡಿದ ಕಂಪನಿ ತಾನಾಗಿಯೇ ಮೊತ್ತ ಏರಿಸಿ ಮಾತಿಗೆ ಬಂತು. ವಕೀಲರ ಜೊತೆ ಕೂತು, ಚೌಕಾಸಿ ಮಾಡಿ, ಮುಂದಿನ ಆಪರೇಷನ್‌ನ ಖರ್ಚೂ ಸೇರಿದ ಮೇಲೆಯೇ ಸುಮಿತ್ರಾ ಒಪ್ಪಿದಳು. ಆ ಸಂಜೆ ಹರಿಣಿಗೆ ಫೋನ್ ಮಾಡಿದಳು. ಮೊತ್ತ ಹೇಳಲಿಲ್ಲ, ಮೊಣಕಾಲು ಹೇಗಿದೆ ಎಂದು ಕೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ಅಪಘಾತವಾದರೆ ಪೊಲೀಸರಿಗೆ ದೂರು ಕೊಡಿ, ಒಂದು ಬಿಲ್ಲನ್ನೂ ಬಿಸಾಡಬೇಡಿ. ಆರು ತಿಂಗಳೊಳಗೆ ಅರ್ಜಿ ಹಾಕಿ, ಆದರೆ ಗಾಯದ ಪೂರ್ತಿ ಕಥೆ ವೈದ್ಯರಿಂದ ತಿಳಿಯುವವರೆಗೆ ರಾಜಿಗೆ ಸಹಿ ಹಾಕಬೇಡಿ. ನೆರೆಮನೆಯವರಿಗೆ ಎಷ್ಟು ಬಂತು ಎಂದು ಕೇಳುವ ಮೊದಲು, ಅವರು ಕಳೆದುಕೊಂಡದ್ದೆಷ್ಟು ಎಂದು ಕೇಳಿ.