ಕಲೆ ಒಳಗೆ ಹೋಗುವ ಮಡಿಕೆ

ಎರಡನೆಯ ಮಡಿಕೆಗೆ ಕಲೆ ಒಳಗೆ ಹೋಯಿತು. ಮೂರನೆಯದಕ್ಕೆ ಅದು ಅಲ್ಲಿತ್ತೆಂಬುದೇ ಯಾರಿಗೂ ತಿಳಿಯದಂತಾಯಿತು. ಅಂಗೈಯಿಂದ ಒತ್ತಿ, ಮೇಲಿನ ಮೂಲೆಯನ್ನು ನಾಯಿಯ ಕಿವಿಯ ಹಾಗೆ ಒಂದಿಷ್ಟು ಮಡಚಿ, ಬೆಡ್‌ಶೀಟನ್ನು ಎಡಗಡೆಯ ರಾಶಿಗೆ ಹಾಕಿದೆ. ಇನ್ನೊಂದನ್ನು ಎಳೆದುಕೊಂಡೆ. ಅದರಲ್ಲಿ ಕೀವಿನ ಹಳದಿ ಇತ್ತು. ಇಸ್ತ್ರಿಯ ಬಿಸಿಗೆ ಅಂಟಿನಂತೆ ಗಟ್ಟಿಯಾಗಿತ್ತು, ಉಗುರು ತಾಗಿದರೆ ಹುಡಿ ಉದುರುತ್ತಿತ್ತು. ಅದನ್ನೂ ಮಡಚಿದೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಮೊದಲು ಬಾಯ್ಲರು ದಿನವೂ ಉರಿಯುತ್ತಿತ್ತು. ಆಮೇಲೆ ವಾರಕ್ಕೆ ಎರಡೇ ದಿನ ಎಂದು ಮೇಲಿನಿಂದ ಅಪ್ಪಣೆಯಾಯಿತು. ಆ ಎರಡು ದಿನದ ಬಿಸಿನೀರು ಸ್ಪೆಷಲ್ ರೂಮುಗಳ ಬಟ್ಟೆಗೆ. ಸಾಮಾನ್ಯ ವಾರ್ಡಿನ ರಕ್ತ, ಕೀವು, ಉಚ್ಚೆ ಎಲ್ಲ ತಣ್ಣೀರಿನಲ್ಲಿ ಒಂದು ಸುತ್ತು ತಿರುಗಿ, ಮೇಲೆ ಮಲ್ಲಿಗೆಯ ಸೆಂಟು ಹೊಯ್ಯಿಸಿಕೊಂಡು ಬರುತ್ತವೆ. ಕೊಳೆತದ್ದರ ಮೇಲೆ ಮಲ್ಲಿಗೆ ಸೇರಿದ ವಾಸನೆ ಇದೆಯಲ್ಲ, ಬರೀ ಕೊಳೆತದ್ದೇ ವಾಸಿ. ವಾರ್ಡಿನ ನರ್ಸಮ್ಮಂದಿರು ಅಂಚು ಎಣಿಸಿ ತೆಗೆದುಕೊಳ್ಳುತ್ತಾರೆ, ಬಿಡಿಸಿ ನೋಡಲು ಅವರಿಗೆ ಪುರುಸೊತ್ತಿಲ್ಲ. ಕಿವಿ ಮಡಚಿದ್ದು ಸಾಮಾನ್ಯ ವಾರ್ಡಿಗೆ, ಕಿವಿ ಇಲ್ಲದ್ದು ಸ್ಪೆಷಲ್ ರೂಮಿಗೆ. ಈ ಗುರುತು ಕಂಡುಹಿಡಿದವಳು ನಾನೇ. ಸೂಪರ್‌ವೈಸರ್ ಅದಕ್ಕೆ ಎಲ್ಲರೆದುರು ನನ್ನನ್ನು ಹೊಗಳಿದ್ದ. ನಾನು ಹಿಗ್ಗಿದ್ದೆ ಕೂಡ.

ಅವನಿಗೆ ನಾವಿಟ್ಟ ಹೆಸರು ಗಾದೆಯಪ್ಪ. ಬೆಳಗಾದರೆ ನಮ್ಮೆಲ್ಲರ ಮೊಬೈಲಿಗೂ ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಒಂದು ಗಾದೆ. ಗ್ಲೌಸು ಹರಿದಿದೆ ಎಂದರೆ ಮಾರನೆಯ ದಿನ ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ತಪಾಸಣೆಯವರು ಬರುವ ಸುದ್ದಿ ಇದ್ದರೆ ‘ಮಾತು ಬೆಳ್ಳಿ, ಮೌನ ಬಂಗಾರ’. ಬಾಯ್ಲರು ಆರಿದ ದಿನ ‘ತಾಳಿದವನು ಬಾಳಿಯಾನು’. ಏನನ್ನು ತಾಳಿದವನು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳುವವಳೇ ಅಲ್ಲ. ಐವತ್ತೆರಡನೆಯ ವಯಸ್ಸಿಗೆ ರಾತ್ರಿ ಶಾಲೆ ಸೇರಿ, ಒಂದೊಂದು ಗಾದೆಯನ್ನು ಇಪ್ಪತ್ತು ಸಲ ಬರೆದು ಅಕ್ಷರ ಕಲಿತವಳು ನಾನು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಬರೆದೂ ಬರೆದೂ ನನ್ನ ಕೈಬರಹ ದುಂಡಗಾದದ್ದು.

ಅದೇ ಶಾಲೆಯಲ್ಲಿ ಒಂದು ದಿನ ದೂರಿನ ಪತ್ರ ಬರೆಯುವ ಪಾಠ. ಉಳಿದವರು ಬೀದಿ ದೀಪ, ಮೋರಿ ಅಂತ ಬರೆದರು. ನಾನು ಆರೋಗ್ಯ ತಪಾಸಣೆ ಕಚೇರಿಗೆ ಬಾಯ್ಲರಿನ ವಿಷಯ ಬರೆದೆ. ಟೀಚರಮ್ಮ ಓದಿ ಕನ್ನಡಕ ತೆಗೆದರು.

“ಇದು ಪಾಠಕ್ಕೆ ಬರೆದಿದ್ದಾ, ಕಳಿಸೋಕೆ ಬರೆದಿದ್ದಾ?”

“ಪಾಠಕ್ಕೆ” ಅಂದೆ.

ಎಂಟು ತಿಂಗಳು ಆ ಪತ್ರ ಮನೆಯ ಪಾತ್ರೆಗೂಡಿಗೆ ಹಾಸಿದ ಹಾಳೆಯ ಕೆಳಗಿತ್ತು. ಆಗಾಗ ತೆಗೆದು ಒಂದು ಒತ್ತಕ್ಷರ ತಿದ್ದುವುದು, ಮತ್ತೆ ಇಡುವುದು. ನನ್ನನ್ನು ಎಲ್ಲರೂ ತಾಳ್ಮೆಯವಳು ಅನ್ನುತ್ತಾರೆ.

ತಂಗಿ ಸತ್ತ ಮೇಲೆ ಅವಳ ಮಗಳನ್ನು ಸಾಕಿದವಳು ನಾನು. ಅವಳ ಚೊಚ್ಚಲ ಹೆರಿಗೆಗೆ ನಮ್ಮ ಆಸ್ಪತ್ರೆಯಲ್ಲೇ ದಿನ ಕೊಟ್ಟರು. ಮಗು ಅಡ್ಡ ಇದೆ, ಕೊಯ್ದೇ ತೆಗೆಯಬೇಕು, ಮಲಗಬೇಕಾದದ್ದು ಸಾಮಾನ್ಯ ವಾರ್ಡಿನಲ್ಲಿ. ನಾನು ಗಾದೆಯಪ್ಪನ ಮೇಜಿನೆದುರು ಹೋಗಿ ನಿಂತೆ.

“ನನ್ನ ಮಗಳು ಬರ್ತಿದಾಳೆ ಸಾರ್. ಹೆರಿಗೆ ವಾರ್ಡಿನ ಬಟ್ಟೆಗೆ ಎರಡು ದಿನ ಬಿಸಿನೀರು ಹಾಕ್ಸಿ.”

“ಒಬ್ಬರಿಗೆ ಹಾಕಿದ್ರೆ ಎಲ್ಲರಿಗೂ ಹಾಕ್ಬೇಕಾಗುತ್ತಲ್ಲ ಅಜ್ಜಿ.”

“ಎಲ್ಲರಿಗೂ ಹಾಕ್ಸಿ.”

ಅವನು ನಕ್ಕ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿತ್ತು, ಅದನ್ನು ಪಿನ್ನಿನಿಂದ ಕೆದಕುತ್ತಾ, “ಉಂಡ ಮನೆ ಜಂತೆ ಎಣಿಸ್ಬಾರ್ದು” ಅಂದ.

“ನಾನು ಜಂತೆ ಎಣಿಸ್ತಿಲ್ಲ. ಕಲೆ ಎಣಿಸ್ತಿದೀನಿ.”

“ಎಣಿಸೋದು ನನ್ನ ಕೆಲಸ. ನಿಮ್ಮದು ಮಡಚೋದು.” ಪಿನ್ನಿನ ತುದಿ ನೋಡಿ, ಅಂಗಿಗೆ ಒರೆಸಿಕೊಂಡ.

ತಾನು ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಅಂತಾರಲ್ಲ, ನಾನೇ ಮಾಡಿಬಿಡೋಣ ಎಂದುಕೊಂಡೆ. ಬಾಯ್ಲರು ಉರಿಯುವ ದಿನ ಆರು ಬೆಡ್‌ಶೀಟನ್ನು ಕುದಿನೀರಿನಲ್ಲಿ ಎರಡು ಸಲ ತೊಳೆದೆ. ನನ್ನ ಕೈಯಾರೆ ಇಸ್ತ್ರಿ ಮಾಡಿ, ಗೆರೆಗೆ ಗೆರೆ ಕೂಡಿಸಿ ಮಡಚಿ, ಹೆರಿಗೆ ವಾರ್ಡಿಗೆ ಹೋಗುವ ರಾಶಿಯ ಮೇಲೆ ಇಟ್ಟೆ. ಮಗಳಿಗೆ ಮೂರು, ಪಕ್ಕದ ಹಾಸಿಗೆಯವಳಿಗೆ ಮೂರು. ಅಷ್ಟರಮಟ್ಟಿಗೆ ಪಾಪ ಕಳೆಯಿತು ಎಂದುಕೊಂಡೆ. ಉಳಿದ ಮೂವತ್ತು ಹಾಸಿಗೆಯವರು ಯಾರ ಮಕ್ಕಳೋ ಏನೋ.

ಹೊಟ್ಟೆ ಕೊಯ್ದು ಮಗು ತೆಗೆದ ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಲೆ ಹೋದೆ. ಮಗಳ ಮುಖ ಕೆಂಪಗೆ ಉಬ್ಬಿತ್ತು. ಕೈ ಮುಟ್ಟಿದರೆ ಸುಡುತ್ತಿತ್ತು. ಮಗುವನ್ನು ಹತ್ತಿರ ಬಿಡಬಾರದೆಂದು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಹೊದಿಕೆ ಸರಿಸುವ ಮೊದಲೇ ನನಗೆ ವಾಸನೆ ಬಂತು. ಡಾಕ್ಟರಿಗೆ ಯಂತ್ರ ಬೇಕು, ನನಗೆ ಬೇಡ. ಹನ್ನೊಂದು ವರ್ಷ ಅದನ್ನೇ ಮೂಸಿದ್ದೇನೆ. ಹೊಲಿಗೆ ಕೀವು ಕಟ್ಟಿತ್ತು.

ಅವಳನ್ನು ಪಕ್ಕಕ್ಕೆ ಹೊರಳಿಸಿದೆ. ಸೊಂಟದ ಕೆಳಗೆ ತಟ್ಟೆಯಗಲದ ಕಂದು ಕಲೆ, ಅವಳದ್ದಲ್ಲ, ಹಳೆಯದು. ಸರಿಯಾಗಿ ನಡುವಿನ ಮಡಿಕೆಯ ಮೇಲೆ ಕೂತಿತ್ತು. ಮೂಲೆ ಎತ್ತಿ ನೋಡಿದೆ. ಕಿವಿ ಮಡಚಿದ್ದ ಗೆರೆ ಹಾಗೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

“ದೊಡ್ಡಮ್ಮ, ಇದು ನೀನೇ ಮಡಚಿದ್ದಲ್ವಾ?” ಅಂದಳು ಕಣ್ಣು ಮುಚ್ಚಿಕೊಂಡೇ.

“ಹ್ಞೂಂ.”

“ಹಾಸುವಾಗ್ಲೇ ಗೊತ್ತಾಯ್ತು. ಗೆರೆ ಎಷ್ಟು ನೆಟ್ಟಗಿತ್ತು. ಪಕ್ಕದವ್ರಿಗೆ ಹೇಳ್ದೆ, ನಮ್ಮ ದೊಡ್ಡಮ್ಮನ ಕೈ ಅಂತ.”

ಅವಳ ಹೊದಿಕೆ ಸರಿಮಾಡಿ ಕೆಳಗೆ ಇಳಿದೆ.

ಕೆಳಗೆ ಬಟ್ಟೆ ಗಾಡಿ ತಳ್ಳುವವನು ಕೂತು ಬೀಡಿ ಸೇದುತ್ತಿದ್ದ. ನಾನು ರಾಶಿಯ ಮೇಲಿಟ್ಟ ಆರು ಬೆಡ್‌ಶೀಟು ಎಲ್ಲಿ ಹೋಯಿತು ಎಂದು ಕೇಳಿದೆ.

“ಆ ಆರಾ? ಅದಕ್ಕೆ ಕಿವೀನೇ ಇರ್ಲಿಲ್ವಲ್ಲಕ್ಕ. ಎಲ್ಲೋ ರಾಶಿ ತಪ್ಪಿದೆ ಅಂತ ನಾನೇ ಎತ್ತಿ ಸ್ಪೆಷಲ್‌ಗೆ ಹಾಕ್ದೆ. ನೀವು ಬೈಸ್ಕೋಬಾರ್ದು ಅಂತ.”

ನಿಜ. ನಾನು ಕಿವಿ ಮಡಚಿರಲಿಲ್ಲ. ಸ್ವಚ್ಛ ಬಟ್ಟೆಗೆ ಕಿವಿ ಮಡಚಲು ನನ್ನ ಕೈಗೆ ಬರುವುದೇ ಇಲ್ಲ.

ಗಾದೆಯಪ್ಪ ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡ. “ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ. ಹೊಲಿಗೆ ಕೀವಾಗೋದು ಎಲ್ಲೂ ಇಲ್ದೇ ಇರೋದಾ ಅಜ್ಜಿ?”

“ಹಾಗಾದ್ರೆ ಕಾಗೆ ಕೂತಿದ್ದಂತೂ ನಿಜ ಅಂತಾಯ್ತಲ್ಲ ಸಾರ್.”

“ವಯಸ್ಸಾಯ್ತು ನಿಮಗೆ. ಎರಡು ದಿನ ರಜ ಹಾಕಿ, ಮಗಳನ್ನ ನೋಡ್ಕೊಳ್ಳಿ. ಮಡಚೋಕೆ ಬೇರೆಯವರಿಗೆ ಕಲಿಸಿದ್ರಾಯ್ತು.”

ಮರುದಿನ ಬೆಳಗ್ಗೆ ಮಗಳ ಹೊಲಿಗೆ ಬಿಚ್ಚಿ ತೊಳೆಯಲು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಮೊಬೈಲು ಗುಂಯ್ ಅಂದಿತು. ಎರಡು ಗುಲಾಬಿ, ತಾಳಿದವನು ಬಾಳಿಯಾನು. ಅದರ ಕೆಳಗೆ ಆಗಲೇ ಹದಿನಾಲ್ಕು ಜನ ಕೈ ಮುಗಿದ ಚಿತ್ರ ಹಾಕಿದ್ದರು. ಯಾರದೋ ಎಂಜಲು ಅಂಗೈಗೆ ಬಿದ್ದ ಹಾಗಾಯಿತು. ಅದೇ ಗಾದೆಯನ್ನು ಇಪ್ಪತ್ತು ಸಲ ಬರೆದಾಗ ಹೀಗನ್ನಿಸಿರಲಿಲ್ಲ. ತಪ್ಪು ಗಾದೆಯದಲ್ಲ. ತಾಳು ಎನ್ನುವವನು ಒಬ್ಬ, ತಾಳುವವಳು ಇನ್ನೊಬ್ಬಳು, ನಡುವೆ ಮಡಚಿ ಕೊಡುವವಳು ನಾನು.

ಮಧ್ಯಾಹ್ನ ಅವಳನ್ನು ಹೊರಗೆ ತಂದರು. ಇನ್ನೂ ಹದಿನೈದು ದಿನ ಅಲ್ಲೇ ಮಲಗಬೇಕು ಅಂದರು. ಹದಿನೈದು ದಿನ, ಅದೇ ವಾರ್ಡು, ಅದೇ ಬಟ್ಟೆ. ನಾನು ಮನೆಗೆ ಹೋಗಿ ಪತ್ರ ತೆಗೆದೆ.

ಓದಿ ನೋಡಿದರೆ ಅದರಲ್ಲಿ ಎಲ್ಲರೂ ಇದ್ದರು. ಆಸ್ಪತ್ರೆಯವರು, ಮೇಲಿನವರು, ಸೂಪರ್‌ವೈಸರು. ನಾನೊಬ್ಬಳು ಇರಲಿಲ್ಲ. ಎಂಟು ತಿಂಗಳು ಒತ್ತಕ್ಷರ ತಿದ್ದಿದವಳಿಗೆ ಆ ತಪ್ಪು ಮಾತ್ರ ಕಂಡಿರಲಿಲ್ಲ. ಕಂಡಿತ್ತು, ಸುಳ್ಳೇಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು, ಅದಕ್ಕೇ ಅದು ಗೂಡಿನಲ್ಲಿ ಉಳಿದಿತ್ತು. ಕೆಳಗೆ ಬರೆದೆ: “ಕಲೆ ಒಳಗೆ ಹಾಕಿ ಮಡಚಿದವಳು ನಾನು. ಕಿವಿ ಮಡಚುವ ಗುರುತೂ ನನ್ನದೇ. ಹೇಳದೆ ಬನ್ನಿ. ಸಾಮಾನ್ಯ ವಾರ್ಡಿನ ಯಾವ ಬೆಡ್‌ಶೀಟನ್ನಾದರೂ ಬಿಡಿಸಿ ನೋಡಿ. ಬಿಡಿಸದೆ ನೋಡಬೇಡಿ. ನನ್ನ ಮಗಳು ಇನ್ನೂ ಅಲ್ಲಿ ಮಲಗಿದ್ದಾಳೆ, ಬೇಗ ಬನ್ನಿ.” ಹೆಸರು ಬರೆದು ಸಹಿ ಹಾಕಿದೆ.

ಅಂಚೆ ಕಚೇರಿಯಲ್ಲಿ ನನ್ನ ಮುಂದೆ ಇಬ್ಬರಿದ್ದರು. ಕಿಟಕಿಯವನು ಲಕೋಟೆ ತೂಗಿದ.

“ಸಾದಾನಾ, ರಿಜಿಸ್ಟರಾ?”

“ರಿಜಿಸ್ಟರ್.”

“ಕಳಿಸೋರ ವಿಳಾಸದಲ್ಲಿ ಕೆಲಸದ ಜಾಗಾನೂ ಬರ್ದಿದೀರಿ. ಅದು ಬೇಕಾಗಿರ್ಲಿಲ್ಲ ಅಮ್ಮ.”

“ಬೇಕು. ಇರ್ಲಿ.”

ಅವನು ಮುದ್ರೆ ಒತ್ತಿ ರಸೀದಿ ಹರಿದು ಕೊಟ್ಟ. ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿ, “ಮುಂದಿನವರು ಬನ್ನಿ” ಅಂದ.