ಹನ್ನೊಂದರ ಪಾನಾ ಸೂಟಿ

ಖಾನಾಪುರದ ಗುರುಪಾದಪ್ಪನವರ ಅವಲಕ್ಕಿ ಗಿರಣಿಯಲ್ಲಿ ದಿನಾ ಹನ್ನೊಂದಕ್ಕೆ ಯಂತ್ರ ನಿಲ್ಲುತ್ತಿತ್ತು. ನಿಲ್ಲಿಸುವವನು ಫಿಟ್ಟರ್ ಹಣಮಪ್ಪ. ಆ ಯಂತ್ರದ್ದು ವಿಚಿತ್ರ ಸ್ವಭಾವ, ಗಡಗಡ ಕುಣಿದು ತನ್ನ ನಟ್ಟುಗಳನ್ನು ತಾನೇ ಸಡಿಲ ಮಾಡಿಕೊಳ್ಳುತ್ತಿತ್ತು. ಹಣಮಪ್ಪ ಸ್ಪ್ಯಾನರು, ಅವರ ಬಾಯಲ್ಲಿ ಪಾನಾ, ಹಿಡಿದು ನಲವತ್ತೆಂಟೂ ನಟ್ಟು ಬಿಗಿದು ಮುಗಿಸಲು ಅರ್ಧ ತಾಸು ಬೇಕು. ಅಷ್ಟರಲ್ಲಿ ಅವಲಕ್ಕಿ ಸಾಣಿಸುವ ಹನ್ನೆರಡು ಹೆಣ್ಣುಮಕ್ಕಳು ಕೂತು ರೊಟ್ಟಿ ಗಂಟು ಬಿಚ್ಚಿ, ಉಂಡು, ಗಂಡಂದಿರನ್ನು ಮನಸಾರೆ ಬೈದು ಹಗುರಾಗುತ್ತಿದ್ದರು. ಗಿರಣಿಯ ಕಾನೂನಿನಲ್ಲಿ ಇಂಥ ಬಿಡುವು ಇರಲಿಲ್ಲ. ಹೆಂಗಸರ ಮುಖಂಡಳಾದ ಭರಮವ್ವ ಅದಕ್ಕೆ ಪಾನಾ ಸೂಟಿ ಎಂದು ಹೆಸರಿಟ್ಟಿದ್ದಳು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿತ್ತು.

ಸಂಜೆಯಾಗುವುದರೊಳಗೆ ಇನ್ನೆರಡು ಸಲವಾದರೂ ನಟ್ಟು ಉದುರಿ ಯಂತ್ರ ನಿಲ್ಲುತ್ತಿತ್ತು. ಮೊನ್ನೆ ಒಂದು ನಟ್ಟು ಅವಲಕ್ಕಿ ಚೀಲದೊಳಗೇ ಸೇರಿ ಬೆಳಗಾವಿಯ ಶಿವಬಸವ ನಗರದ ಅಂಗಡಿಯವರೆಗೆ ಹೋಯಿತು. ಅಂಗಡಿಯವನು ಫೋನಿನಲ್ಲಿ ಬೈದ ಬೈಗುಳಕ್ಕೆ ಗುರುಪಾದಪ್ಪನವರು ಎರಡು ದಿನ ಊಟ ಬಿಟ್ಟರು.

ಆಗ ಬಂದವಳು ಶಗುಫ್ತಾ. ಬೆಳಗಾವಿಯ ಉದ್ಯಮಬಾಗದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯವಳು. ಕೈಯಲ್ಲೊಂದು ಡಬ್ಬಿ.

"ಹೊಸಾ ನಮೂನಿ ವಾಷರ್ ರೀ ಸಾವ್ಕಾರ್ರ. ಯಂತ್ರ ಎಷ್ಟ ಕುಣದ್ರೂ ನಟ್ಟು ಸಡ್ಲಾಗೂದಿಲ್ಲ. ಹತ್ತ ದಿನಾ ಹಾಕಿ ನೋಡ್ರಿ, ಆಮ್ಯಾಲೆ ರೊಕ್ಕದ ಮಾತು."

ಸಾವ್ಕಾರರ ಮುಖ ಅರಳಿತು. ಹಣಮಪ್ಪನ ಮುಖ ಬಾಡಿತು. ನಟ್ಟು ಸಡಿಲಾಗದಿದ್ದರೆ ಹಣಮಪ್ಪ ಯಾಕೆ ಬೇಕು? ಹುಡುಗಿ ವಾಷರ್ ಹಾಕುವ ರೀತಿ ತೋರಿಸುತ್ತಿದ್ದರೆ ಇವನು ಬೇಕಂತಲೇ ಆ ಕಡೆ ತಿರುಗಿ ತಂಬಾಕು ತಿಕ್ಕುತ್ತ ನಿಂತ. ಹೊಟ್ಟೆಯ ಮೇಲೆ ಹೊಡೆಯಲು ಬಂದವಳ ಪಾಠ ಯಾರಿಗೆ ಬೇಕು!

"ತಿಳೀತಲ್ರಿ ಕಾಕಾ?" ಅಂದಳು.

"ಹೂಂ," ಅಂದ ಹಣಮಪ್ಪ.

ಸಂಜೆ ಡಬ್ಬಿ ತೆರೆದರೆ ವಾಷರುಗಳು ಎರಡೆರಡು ಅಂಟಿಕೊಂಡಿದ್ದವು. "ಬಣ್ಣ ಆರೂದ್ರಾಗ ತುಂಬಿಟ್ಟಾರ, ಶಾಣ್ಯಾರು!" ಎಂದು ನಕ್ಕು, ಬ್ಲೇಡು ತಗೊಂಡು ಒಂದೊಂದನ್ನೂ ಬಿಡಿಸಿದ, ಅಂಟು ಕೆರೆದು ಒರೆಸಿದ. ಸಿಟ್ಟು ಹುಡುಗಿಯ ಮೇಲೆ. ಕೆಲಸಕ್ಕೆ ಮೋಸ ಮಾಡುವ ಜಾಯಮಾನ ಅವನದಲ್ಲ. ನಲವತ್ತೆಂಟು ಬೋಲ್ಟಿಗೆ ಒಂದೊಂದು ಹಾಕಿ ಬಿಗಿದ. ಅರ್ಧ ಡಬ್ಬಿ ಉಳಿಯಿತು. ಕಂಪನಿಯವರಿಗೆ ಎಣಿಸಲೂ ಬರುವುದಿಲ್ಲ ಅಂದುಕೊಂಡ.

ಮರುದಿನ ಹನ್ನೊಂದಕ್ಕೆ ನೋಡಿದರೆ ನಟ್ಟುಗಳು ಎಂದಿನಂತೆ ಸಡಿಲ. ಹಣಮಪ್ಪನಿಗೆ ಹೋದ ಜೀವ ಬಂದಂತಾಯಿತು. ಹತ್ತನೆಯ ದಿನ ಸಾವ್ಕಾರರು, "ಇದೂ ಅಷ್ಟ ಐತಿ ಬಿಡು. ಉಳದದ್ದ ಒಯ್ದ ಕೊಟ್ಟ ಬಾ," ಅಂದರು. ಭರಮವ್ವ ಅವನ ಕೈಗೆ ಶೇಂಗಾ ಉಂಡಿ ಇಟ್ಟಳು. ಹಣಮಪ್ಪ ಮದುಮಗನ ಠೀವಿಯಲ್ಲಿ ಬಸ್ಸು ಹತ್ತಿದ.

ಉದ್ಯಮಬಾಗದಲ್ಲಿ ಶಗುಫ್ತಾ ಅವನಿಗೆ ಚಹಾ ಕೊಟ್ಟು, ಡಬ್ಬಿಯನ್ನು ತೆರೆಯದೆ ಗುಜರಿ ಸಾಮಾನಿನ ಬುಟ್ಟಿಗೆ ಎಸೆದಳು. ಪಕ್ಕದಲ್ಲಿ ಪರೀಕ್ಷೆಯ ಯಂತ್ರವೊಂದು ಎರಡು ಬೋಲ್ಟುಗಳನ್ನು ಹಿಡಿದು ಅಲುಗಿಸುತ್ತಿತ್ತು. ಚಹಾ ಅರ್ಧವಾಗುವುದರೊಳಗೆ ಒಂದರ ನಟ್ಟು ಕಳಚಿ ಬಿತ್ತು. ಇನ್ನೊಂದು ಕೂದಲೆಳೆಯಷ್ಟೂ ಜರುಗಲಿಲ್ಲ.

"ಇಲ್ಲಿ ಹಿಂಗ ಹಿಡೀತಾವ, ನಿಮ್ಮಲ್ಲಿ ಯಾಕ ಬಿಟ್ಟಾವೋ ತಿಳೀವಲ್ದು," ಎಂದು ಅವಳು ಅದನ್ನು ಬಿಚ್ಚಿದಳು. ಕೆಳಗಿನಿಂದ ವಾಷರ್ ಬಂತು. ಒಂದಲ್ಲ, ಎರಡು. "ಇವುಗಳ ಒಳಮೈಯಾಗಿನ ಇಳಿಜಾರು ಹಲ್ಲು ಒಂದಕ್ಕೊಂದು ಕೂತಿರ್ತಾವ್ರಿ. ನಟ್ಟು ಹಿಂದ ತಿರಗಾಕ ಹ್ವಾದ್ರ ಏರು ಹತ್ತಬೇಕು. ಹತ್ತಿದಷ್ಟೂ ಬಿಗಿ ಆಗತೈತಿ. ಅದಕ್ಕ ಜೋಡಿ ಮಾಡಿ ಅಂಟಿಸಿ ಕೊಡ್ತೀವಿ."

ಹಣಮಪ್ಪ ಉಳಿದ ಚಹಾ ಕೆಳಗಿಟ್ಟ. ತಾನು ಬ್ಲೇಡು ಹಾಕಿ ಬಿಡಿಸಿದ್ದು ಈ ಜೋಡಿಗಳನ್ನೇ.

"ಇರ್ಲಿ ಬಿಡ್ರಿ," ಅಂದಳು ಹುಡುಗಿ. "ಸೋಮವಾರದಿಂದ ನಾ ಮತ್ತ ಪ್ಯಾಕಿಂಗಿಗೆ. ಊರೂರು ತಿರುಗಿ ಮಾರೂದು ಹುಡುಗ್ಯಾರ ಕೆಲ್ಸಲ್ಲಂತ ಮ್ಯಾನೇಜರ್ ಮೊದ್ಲ ಅಂದಿದ್ರು."

ಹಣಮಪ್ಪ ಎದ್ದು ಬಂದು ಖಾನಾಪುರದ ಬಸ್ಸಿನಲ್ಲಿ ಕೂತ. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ತನ್ನ ಅನ್ನ ಉಳಿಯಿತು, ಹೆಂಗಸರ ಸೂಟಿ ಉಳಿಯಿತು. ಆದರೆ ಹುಡುಗಿಯ ಮುಖ ಕಣ್ಣೆದುರಿನಿಂದ ಸರಿಯಲಿಲ್ಲ. ದೇಸೂರ ಬರುವಷ್ಟರಲ್ಲಿ ತನ್ನನ್ನೇ ಬೈದುಕೊಳ್ಳುತ್ತ ಎದ್ದು ನಿಂತಿದ್ದ.

"ಖಾನಾಪುರದ ತಿಕೀಟ ಐತಲ್ಲೋ ಯಜಮಾನ?" ಅಂದ ಕಂಡಕ್ಟರ್.

"ಒಂದ ಕೆಲ್ಸಾ ಬಿಟ್ಟ ಬಂದೀನ್ರಿ," ಎಂದು ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿದ.

"ಯವ್ವಾ, ವಾಷರ್ ತಪ್ಪಿಲ್ಲ. ಜೋಡಿ ಬಿಡಿಸಿದಾಂವ ನಾ," ಅಂದ ಕಾರ್ಖಾನೆಯ ಬಾಗಿಲಲ್ಲೇ ನಿಂತು.

ಶಗುಫ್ತಾ ಡಬ್ಬಿ ಹೆಕ್ಕಿ ತೆರೆದು ನೋಡಿದಳು. ಸಿಟ್ಟು ನೆತ್ತಿಗೇರಿತು. "ಹತ್ತ ದಿನಾ ನನಗ ನಿದ್ದಿಲ್ರಿ ಕಾಕಾ!" ಅಂದವಳು ಡಬ್ಬಿ ಮುಚ್ಚಿ, "ಮತ್ತ ಹೇಳಾಕ ಯಾಕ ಬಂದ್ರಿ? ಸುಮ್ನಿದ್ರ ನಿಮ್ಮ ಕೆಲ್ಸಾ ಉಳೀತಿತ್ತು," ಅಂದಳು.

"ಇಪ್ಪತ್ತೆರಡ ವರ್ಷಾ ಒಂದ ನಟ್ಟು ತಪ್ಪ ಹಾಕಿಲ್ಲ ನಾ. ಹಾಕಿದ್ದ ಒಂದ ತಪ್ಪ ನಿನ್ನ ತಲಿಗಿ ಕಟ್ಟಿ ಹ್ಯಾಂಗ ಉಣ್ಲಿ?" ಅಂದ. ಬಾಯಿ ಬಿಟ್ಟಿದ್ದೇ ಬಿಟ್ಟಿದ್ದು, ಪಾನಾ ಸೂಟಿಯ ಕಥೆಯನ್ನೂ ಹೇಳಿಬಿಟ್ಟ.

ಮತ್ತೆ ಹತ್ತು ದಿನದ ಪರೀಕ್ಷೆ. ಈ ಸಲ ಜೋಡಿ ಜೋಡಿಯಾಗಿ ಹಾಕಿದವನು ಹಣಮಪ್ಪನೇ. ಒಂದು ನಟ್ಟೂ ಜರುಗಲಿಲ್ಲ. ಹನ್ನೊಂದು ಹೊಡೆದರೂ ಯಂತ್ರ ಓಡುತ್ತಲೇ ಇತ್ತು. ಹೆಂಗಸರು ನಿಂತಲ್ಲೇ, ಧೂಳಿನಲ್ಲೇ ರೊಟ್ಟಿ ನುಂಗಿದರು. ಭರಮವ್ವ ಅವನ ಜೊತೆ ಮಾತು ಬಿಟ್ಟಳು. ಸಾವ್ಕಾರರು ಕೆಮ್ಮಿ, "ಬರೂ ತಿಂಗಳಿಂದ ಬ್ಯಾರೇ ಎಲ್ಲೆರ ನೋಡ್ಕೋ ಹಣಮಪ್ಪಾ," ಅಂದರು. ಅವನು ತಲೆಯಾಡಿಸಿದ. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಸಂಕಟವಿತ್ತು.

ಹನ್ನೊಂದನೆಯ ದಿನ ಶಗುಫ್ತಾ ಸಹಿ ತಗೊಳ್ಳಲು ಬಂದು ಸಾವ್ಕಾರರ ಕೈಗೆ ಗ್ಯಾರಂಟಿ ಹಾಳೆ ಕೊಟ್ಟಳು. ಅಚ್ಚಾದ ಅಕ್ಷರವೆಂದರೆ ಗುರುಪಾದಪ್ಪನವರಿಗೆ ದೇವರ ಮಾತು. ಗಟ್ಟಿಯಾಗಿ ಓದಿದರು: "ಪ್ರತಿದಿನ ಹನ್ನೊಂದಕ್ಕೆ ಅರ್ಧ ತಾಸು ಯಂತ್ರ ನಿಲ್ಲಿಸಿ, ಅನುಭವಸ್ಥ ಫಿಟ್ಟರನು ಪ್ರತಿಯೊಂದು ಜೋಡಿಯನ್ನೂ ಪರೀಕ್ಷಿಸತಕ್ಕದ್ದು. ತಪ್ಪಿದಲ್ಲಿ ಗ್ಯಾರಂಟಿ ಇರುವುದಿಲ್ಲ." ತಲೆಯೆತ್ತಿ, "ಅರ್ಧಾ ತಾಸ?" ಅಂದರು.

"ಬೆಲ್ಟು, ಬೇರಿಂಗು ಎಲ್ಲಾ ನೋಡಬೇಕಲ್ರಿ. ಮೊದ್ಲ ದಿನಕ್ಕ ಮೂರ ಸಲಾ ನಿಂದ್ರತಿತ್ತು, ಈಗ ಒಂದ ಸಲಾ. ಗ್ಯಾರಂಟಿ ಬ್ಯಾಡಂದ್ರ ಆ ಸಾಲು ಹೊಡದ ಹಾಕೂಣು," ಅಂದಳು ಶಗುಫ್ತಾ.

ಸಾವ್ಕಾರರಿಗೆ ಶಿವಬಸವ ನಗರದ ಅಂಗಡಿಯವನ ದನಿ ಕಿವಿಯಲ್ಲಿ ಮೊಳಗಿರಬೇಕು. ಹಾಳೆಯನ್ನು ಎದೆಗವಚಿಕೊಂಡು, "ಬ್ಯಾಡ ಬ್ಯಾಡ, ಇರ್ಲಿ," ಅಂದರು. "ಹಣಮಪ್ಪಾ, ಎಲ್ಲೂ ಹೋಗಬ್ಯಾಡಪಾ."

ಮರುದಿನ ಹನ್ನೊಂದಕ್ಕೆ ಹಣಮಪ್ಪ ಯಂತ್ರ ನಿಲ್ಲಿಸಿದ. ಹೆಂಗಸರು ಗಂಟು ಬಿಚ್ಚಿದರು. ಅವನು ಒಂದೊಂದು ನಟ್ಟಿಗೂ ಪಾನಾ ಹಚ್ಚಿ ನೋಡಿದ. ಯಾವುದೂ ಅಲುಗಲಿಲ್ಲ. ನಲವತ್ತೆಂಟೂ ಮುಗಿದಾಗ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಏನು ಮಾಡಬೇಕೆಂದು ತಿಳಿಯದೆ ಪಾನಾ ಒರೆಸುತ್ತ ನಿಂತ.

ಭರಮವ್ವ ಜರುಗಿ ಜಾಗ ಮಾಡಿದಳು. "ಬಾರೋ ಅಣ್ಣಾ, ಕುಂದರು. ಇಪ್ಪತ್ತೆರಡ ವರ್ಷಾ ನಮಗ ಸೂಟಿ ಕೊಟ್ಟಿ. ನೀ ಒಂದ ದಿನಾನೂ ತಗೊಂಡಿಲ್ಲ."

ಹಣಮಪ್ಪ ಪಾನಾ ನೆಲಕ್ಕಿಟ್ಟು, ಕೂತು, ರೊಟ್ಟಿಗೆ ಕೈ ಚಾಚಿದ.