ತಿಮ್ಮಪ್ಪನವರ ಮೀನುಮರಿ ಸಮಾರಂಭ

ಮೀನುಗಾರಿಕೆ ಇಲಾಖೆಯಿಂದ ನಿವೃತ್ತರಾಗಿ ಆರು ವರ್ಷ ಕಳೆದಿದ್ದರೂ ತಿಮ್ಮಪ್ಪನವರೊಳಗಿನ ಅಧಿಕಾರಿ ಮಾತ್ರ ನಿವೃತ್ತನಾಗಿರಲಿಲ್ಲ. ಜಪಾನಿನ ಹಮಾಮತ್ಸು ಊರಿನ ಮಗಳ ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ನಲ್ಲಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿ, "ಪರವಾಗಿಲ್ಲ" ಎಂದು ಇಡೀ ಊರಿನ ನೀರು ಸರಬರಾಜನ್ನು ಪಾಸು ಮಾಡಿದ್ದರು. ಅದು ೨೦೨೦ರ ಫೆಬ್ರವರಿ. ಹೆಂಡತಿ ಕಾತ್ಯಾಯಿನಿ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಚೆರಿ ಹೂವು ನೋಡಿಕೊಂಡು ಹೋಗಲಿ ಎಂದು ಸುಭದ್ರಾ ಹಟಮಾಡಿ ಅಪ್ಪನನ್ನು ಕರೆಸಿಕೊಂಡಿದ್ದಳು. ಹೂವು ಬಿಟ್ಟಿತು, ಉದುರಿತು. ವಿಮಾನ ಮಾತ್ರ ಹೊರಡಲಿಲ್ಲ.

ಮನೆಯಲ್ಲಿ ಮೂರು ಜನ. ಸುಭದ್ರಾಳ ಗಂಡ ನಿತಿನ್ ಬೈಕಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಈಗ ಮಲಗುವ ಕೋಣೆಯೇ ಅವನ ಆಫೀಸು. ಮಾವ ಅಳಿಯರ ನಡುವೆ ಗೌರವ ಎಷ್ಟು ದಟ್ಟವಾಗಿತ್ತೆಂದರೆ ಅದರೊಳಗೆ ಮಾತು ನುಗ್ಗಲು ಜಾಗವೇ ಇರಲಿಲ್ಲ. "ಊಟ ಆಯ್ತಾ ಮಾವ?" "ಆಯ್ತು, ನಿಮ್ದು?" ಎಂಬಲ್ಲಿಗೆ ದಿನದ ಸಂಭಾಷಣೆ ಮುಗಿಯುತ್ತಿತ್ತು. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಅದು ಒಂದಕ್ಷರವೂ ಮುಂದಕ್ಕೆ ಹೋಗಿರಲಿಲ್ಲ.

ಮೇ ತಿಂಗಳ ಹೊತ್ತಿಗೆ ತಿಮ್ಮಪ್ಪನವರು ಸೋಫಾದ ಒಂದು ಮೂಲೆಗೆ ಅಂಟಿಕೊಂಡರು. ನೀರು ಪರೀಕ್ಷೆ ನಿಂತಿತು. ಫ್ರಿಜ್ಜಿನ ತಪಾಸಣೆ ನಿಂತಿತು. ತಟ್ಟೆಯಲ್ಲಿ ಅರ್ಧ ಅನ್ನ ಉಳಿಯತೊಡಗಿತು. ಹೊರಗಿನ ಕೊರೊನಾಕ್ಕಿಂತ ಆ ಸೋಫಾವೇ ಅಪ್ಪನನ್ನು ನುಂಗಿಬಿಡುತ್ತದೆ ಎಂದು ಸುಭದ್ರಾಳಿಗೆ ನಿಜವಾಗಿಯೂ ಭಯವಾಯಿತು.

ಅವಳೇ ಒತ್ತಾಯಮಾಡಿ ಮಾಸ್ಕು ಹಾಕಿಸಿ ದಿನಾ ಸಂಜೆ ಹೊಳೆದಂಡೆಗೆ ಕರೆದೊಯ್ಯತೊಡಗಿದಳು. ಜೂನ್ ಮೊದಲ ವಾರ ಅಲ್ಲೊಬ್ಬ ಹುಡುಗ ಗಾಳ ಹಾಕಿ ಒಂದು ಕಂದು ಮೀನನ್ನು ಎಳೆದು, ಫೋಟೋ ತೆಗೆದುಕೊಂಡು, ಚೀಲಕ್ಕೆ ಹಾಕಿಕೊಂಡು ಹೋದ. ಅವನು ಹೋದಮೇಲೆ ತಿಮ್ಮಪ್ಪನವರು ನೀರಿಗೆ ಬಗ್ಗಿದವರು ಬಗ್ಗಿಯೇ ಇದ್ದರು. ಕಲ್ಲುಗಳ ನಡುವೆ ಸಾಸಿವೆ ಚೆಲ್ಲಿದಂತೆ ಕಪ್ಪು ಮರಿಗಳು ಗುಂಪಾಗಿ ನಡುಗುತ್ತಿದ್ದವು.

"ಅಯ್ಯೋ ಪಾಪಿ, ಕಾವಲಿಗಿದ್ದ ಗಂಡನ್ನೇ ಹಿಡ್ಕೊಂಡು ಹೋದ್ನಲ್ಲೇ! ಈ ಜಾತೀಲಿ ಅಪ್ಪಾನೇ ಕಣಮ್ಮ ಮರಿ ಕಾಯೋದು. ಇನ್ನರ್ಧ ಗಂಟೇಲಿ ಇವೆಲ್ಲ ಬೇರೆ ಮೀನಿನ ಹೊಟ್ಟೇಲಿರ್ತವೆ."

"ಯಾವ ಜಾತಿ ಅಪ್ಪ ಇದು?"

"ಯಾವುದಾದ್ರೇನು? ಅನಾಥ ಮಕ್ಳ ಜಾತಿ ಕೇಳ್ತಾರಾ? ನಿನ್ನ ದುಪಟ್ಟಾ ಕೊಡು ಇಲ್ಲಿ."

ಹೊಸ ದುಪಟ್ಟಾ. ಸುಭದ್ರಾ ತೆಗೆದು ಕೊಟ್ಟಳು. ಅಪ್ಪನ ದನಿಯಲ್ಲಿ ಅಧಿಕಾರಿ ಮತ್ತೆ ಕೆಮ್ಮಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅದಕ್ಕಾಗಿ ಅವಳು ರೇಷ್ಮೆ ಸೀರೆಯನ್ನೂ ಕೊಟ್ಟುಬಿಡುತ್ತಿದ್ದಳು.

ಮರಿಗಳಿಗೆ ಮನೆ ಸಿಕ್ಕಿದ್ದು ಪಕ್ಕದ ಮನೆಯ ತೆರಾದಾ ಸಾನ್ ಅವರ ಹಿತ್ತಿಲಲ್ಲಿ. ಒಂದು ಕಾಲಕ್ಕೆ ಹಾವುಮೀನು ಸಾಕುತ್ತಿದ್ದ ಮುದುಕ ಅವರು. ಈಗ ಕಸುಬು ಬಿಟ್ಟು, ಒಂದೇ ಒಂದು ಸಿಮೆಂಟಿನ ಹೊಂಡವನ್ನು ಉಳಿಸಿಕೊಂಡಿದ್ದರು. ಅದರ ಬದಿಯಲ್ಲೊಂದು ಗಿಡ್ಡ ಕಲ್ಲು. ಸಾಕಿ ಮಾರಿದ ಹಾವುಮೀನುಗಳ ನೆನಪಿಗೆ ನಿಲ್ಲಿಸಿದ್ದು. ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಕ್ಷಣ ಕೈಮುಗಿಯುತ್ತಿದ್ದರು. "ನಮ್ಮ ತಂದೆ ಒಂದಿಷ್ಟು ಮೀನುಮರಿ ಸಾಕಬೇಕಂತಿದ್ದಾರೆ" ಎಂದು ಸುಭದ್ರಾ ಜಪಾನಿಯಲ್ಲಿ ಕೇಳಿದಾಗ, ಎರಡು ಮೀಟರ್ ದೂರದಲ್ಲಿ ನಿಂತೇ ಅವರ ಮುಖ ಅರಳಿತು. ಹೊಂಡ ಖಾಲಿ ಇದ್ದದ್ದು ಅವರಿಗೂ ಸಂಕಟವೇ. ಮರಿಗಳು ಸೊಳ್ಳೆಯಷ್ಟಿದ್ದವು. ತೆರಾದಾ ಸಾನ್ ಅವನ್ನು ಕಾರ್ಪ್ ಮೀನಿನ ಮರಿ ಎಂದುಕೊಂಡರು.

ಅಲ್ಲಿಂದ ಸುಭದ್ರಾಳ ಅಡುಗೆಮನೆ ಇಲಾಖೆಯ ವಶವಾಯಿತು. ಟೀ ಸೋಸುವ ಜಾಲರಿ ಹೋಯಿತು. ಬೇಯಿಸಿದ ಮೊಟ್ಟೆಯ ಹಳದಿಯನ್ನು ತೆಳುಬಟ್ಟೆಯಲ್ಲಿ ಹಿಂಡಿ ಉಣ್ಣಿಸಿದ್ದಾಯಿತು. ಬಿಳಿಭಾಗವನ್ನು ಮನೆಯವರು ಪಲ್ಯ, ಸಾರು, ಕೊನೆಗೆ ಉಪ್ಪಿಟ್ಟಿನಲ್ಲೂ ತಿಂದರು. ಮರಿಗಳು ಬಲಿತಂತೆ ಒಂದನ್ನೊಂದು ನುಂಗತೊಡಗಿದವು. ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಮಾಡಲು ಹಿಟ್ಟಿನ ಜರಡಿ ಹೋಯಿತು. ಅಂಗಡಿಯಿಂದ ತಂದ ಮೀನಿನ ಆಹಾರದ ಗುಳಿಗೆ ಹಾಕಿದರೆ ಮೂತಿ ತಿರುಗಿಸಿದವು.

"ನಿನ್ನ ಥರಾನೇ. ಚಿಕ್ಕೋಳಿದ್ದಾಗ ರಾಗಿ ಮುದ್ದೆ ಅಂದ್ರೆ ಹಿಂಗೇ ಮಾಡ್ತಿದ್ದೆ" ಎಂದು ತಿಮ್ಮಪ್ಪನವರು ಸೀಗಡಿಯನ್ನು ಅರೆದು, ದಿನದಿನಕ್ಕೂ ಅದರಲ್ಲಿ ಗುಳಿಗೆಯ ಪುಡಿ ಹೆಚ್ಚಿಸುತ್ತ, ಮೋಸ ಮಾಡಿಯೇ ತಿನ್ನಿಸಿದರು.

ಆಗಸ್ಟಿನಲ್ಲಿ ಹಮಾಮತ್ಸು ನಲವತ್ತೊಂದು ಡಿಗ್ರಿ ಕಾದು ಜಪಾನಿಗೇ ಸುದ್ದಿಯಾಯಿತು. ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಟ್ಟವು. "ಇವು ತಣ್ಣೀರಿನ ಗಿರಾಕಿಗಳು ಕಣೇ, ಈ ಬಿಸೀಲಿ ಬದುಕಲ್ಲ" ಎಂದು ಕೂಗಿಕೊಂಡವರೇ ಮಗಳ ಎರಡು ಸೀರೆಗಳನ್ನು ಹೊಂಡದ ಮೇಲೆ ಚಪ್ಪರದಂತೆ ಕಟ್ಟಿದರು. ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ನೀರು ಚಿಮ್ಮಿಸುತ್ತ ಮಧ್ಯಾಹ್ನಪೂರ್ತಿ ನಿಂತರು. ಬೀದಿಯ ಕೊಂಬಿನಿ ಅಂಗಡಿಯ ಹುಡುಗಿ ಇವರನ್ನು ಕಂಡೊಡನೆ ಐಸಿನ ಚೀಲ ತೆಗೆದಿಡುತ್ತಿದ್ದಳು. ಬೇಸಿಗೆ ಮುಗಿಯುವಷ್ಟರಲ್ಲಿ ಹನ್ನೊಂದು ಉಳಿದಿದ್ದವು. ತಿಮ್ಮಪ್ಪನವರ ತಟ್ಟೆಯಲ್ಲಿ ಅನ್ನ ಉಳಿಯುತ್ತಿರಲಿಲ್ಲ.

ಹನ್ನೊಂದರಲ್ಲಿ ದೊಡ್ಡದಕ್ಕೆ ಅವರು "ಅಳಿಯಂದಿರು" ಎಂದು ಹೆಸರಿಟ್ಟರು. "ಹಾಕಿದ್ದೆಲ್ಲ ತಿಂತಾರೆ, ಒಂದು ಮಾತಾಡಲ್ಲ" ಎಂಬುದು ಕಾರಣ.

"ನಿತಿನ್‌ಗೆ ಗೊತ್ತಾದ್ರೆ ಏನಂದ್ಕೋತಾರಪ್ಪ!"

"ಅವರಿಗ್ಯಾರು ಹೇಳ್ತಾರೆ? ಅವ್ರು ಕಂಪ್ಯೂಟರ್ ಬಿಟ್ಟು ತಲೆ ಎತ್ತಿದ್ರಲ್ವಾ."

ಮುಂದಿನ ವರ್ಷದ ಬೇಸಿಗೆಯಲ್ಲಿ ಊರಾದ ಮಂಡ್ಯದಿಂದ ಬರೀ ಸಾವಿನ ಸುದ್ದಿಯ ಫೋನುಗಳೇ ಬಂದವು. ಇಲಾಖೆಯ ಗೆಳೆಯ ನಟರಾಜ ಹೋದರು. ಫೋನಿಟ್ಟ ತಿಮ್ಮಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊಂಡಕ್ಕೆ ಹೋಗುತ್ತಿದ್ದರು. ಅಲ್ಲಿ ಚಾವಣಿಯ ಕೆಳಗೆ ತೆರಾದಾ ಸಾನ್ ತಮ್ಮ ಚಹಾ ಕುಡಿಯುತ್ತ ಕುಳಿತಿರುತ್ತಿದ್ದರು. ಇವರು ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ನಡುವೆ ಎರಡು ಮೀಟರ್, ಒಂದು ಪದವೂ ಸಮಾನವಿಲ್ಲದ ಎರಡು ಭಾಷೆ. ನೀರು ಪಾಚಿಗಟ್ಟಿ ಹಸಿರಾಗಿದ್ದರಿಂದ ಕಾಳು ಎಸೆದಾಗ ಒಂದು ಸುಳಿ ಬಿಟ್ಟರೆ ಮೀನು ಕಾಣುತ್ತಿರಲಿಲ್ಲ. ಸುಳಿ ಎದ್ದಾಗ ಇಬ್ಬರೂ ತಲೆಯಾಡಿಸುತ್ತಿದ್ದರು.

ಅಕ್ಟೋಬರಿನಲ್ಲಿ ವಿಮಾನದ ಟಿಕೆಟ್ ಸಿಕ್ಕಿತು. ಹೊರಡುವ ಮೊದಲು ಮೀನುಗಳಿಗೊಂದು ದಾರಿ ಮಾಡಬೇಕಲ್ಲ. ಅದಕ್ಕೆ ತಿಮ್ಮಪ್ಪನವರಿಗೆ ಗೊತ್ತಿದ್ದುದು ಒಂದೇ ದಾರಿ: ಸಮಾರಂಭ. ಮಂಡ್ಯ ಜಿಲ್ಲೆಯ ಕೆರೆಕೆರೆಗೂ ಅವರು ಮೂವತ್ತು ವರ್ಷ ಮೀನುಮರಿ ಬಿಡಿಸಿದ್ದರು. ಶಾಮಿಯಾನ, ಮೈಕು, ಶಾಸಕರ ಕೊರಳಿಗೆ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ ಹಚ್ಚಿದ ಹಂಡೆ, ಕೊನೆಗೆ ಚಪ್ಪಾಳೆಯ ನಡುವೆ ನೀರಿಗೆ ಮರಿ. ಅದಕ್ಕಿಂತ ದೊಡ್ಡ ಪುಣ್ಯದ ಕೆಲಸ ಅವರ ಲೆಕ್ಕದಲ್ಲಿ ಬೇರೆ ಇರಲಿಲ್ಲ. ತಾವು ಸಾಕಿದ ಮೀನನ್ನು ಅವರು ಒಮ್ಮೆಯೂ ತಿಂದವರಲ್ಲ. ಮನೆಯಲ್ಲಿ ಮೀನು ಬೆಂದರೆ ಅದು ಪಕ್ಕದ ಜಿಲ್ಲೆಯದೇ ಆಗಿರಬೇಕಿತ್ತು.

ಬೀದಿಯ ಕೊನೆಯಲ್ಲಿ ಗದ್ದೆಗೆ ನೀರುಣಿಸುವ ಕೆರೆಯೊಂದಿತ್ತು. ಬಿಡುವುದು ಅಲ್ಲಿಗೆ ಎಂದು ತೀರ್ಮಾನವಾಯಿತು. ಮುಖ್ಯ ಅತಿಥಿ ತೆರಾದಾ ಸಾನ್. ಸುಭದ್ರಾ ಕುಂಡದ ಚೆಂಡುಹೂ ಕಿತ್ತು ಹಾರ ಕಟ್ಟಿದಳು. ಭಾನುವಾರ ಬೆಳಿಗ್ಗೆ ತಿಮ್ಮಪ್ಪನವರು ಇಸ್ತ್ರಿಯ ಶರಟು ತೊಟ್ಟು, ಹೊಂಡದ ನೀರಿಳಿಸಿ, ಹನ್ನೊಂದನ್ನೂ ಬಲೆಯಲ್ಲಿ ಹಿಡಿದು, ಕುಂಕುಮ ಹಚ್ಚಿದ ಎರಡು ಬಕೆಟ್ಟುಗಳಿಗೆ ಹಾಕಿ ಸಿದ್ಧರಾದರು. ನಿತಿನ್ ಕೂಡ ಕಂಪ್ಯೂಟರ್ ಬಿಟ್ಟು ಬಂದ. ತೆರಾದಾ ಸಾನ್ ಕರಿ ಸೂಟು ಹಾಕಿಕೊಂಡು, ಸಿಹಿಯ ಪೊಟ್ಟಣ ಹಿಡಿದು ಬಂದರು. ಬಂದವರು ಬಕೆಟ್ಟಿಗೆ ಬಗ್ಗಿ ನೋಡಿದರು. ಕಂದು ಮೈ, ಅಡ್ಡಗೆರೆಗಳು, ಕೆಂಪು ಕಣ್ಣು.

ಅವರ ಮುಖದಲ್ಲಿದ್ದ ನಗು ಹಾಗೇ ಒಣಗಿತು. ಪೊಟ್ಟಣ ಕೆಳಗಿಟ್ಟು, ಸೊಂಟ ಮುರಿಯುವಷ್ಟು ಬಾಗಿ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಆಮೇಲೆ ಸುಭದ್ರಾಳಿಗೆ ಮೆಲ್ಲಗೆ ವಿವರಿಸಿದರು. ಇದು ಅಮೆರಿಕದ ಸ್ಮಾಲ್‌ಮೌತ್ ಬಾಸ್. ಗಾಳದ ಮೋಜಿಗೆ ಯಾರೋ ತಂದು ಬಿಟ್ಟಿದ್ದು, ಇಲ್ಲಿನ ಹೊಳೆಮೀನುಗಳನ್ನು ಬರಿದುಮಾಡುತ್ತಿದೆ. ಇದನ್ನು ಸಾಕುವುದು, ಜೀವಂತ ಸಾಗಿಸುವುದು, ನೀರಿಗೆ ಬಿಡುವುದು ಎಲ್ಲವೂ ಅಪರಾಧ. ಹೊಂಡ ನನ್ನದು, ನಾನು ಮೊದಲೇ ನೋಡಬೇಕಿತ್ತು, ತಪ್ಪು ನನ್ನದು ಎಂದು ಮತ್ತೆ ಬಾಗಿದರು.

ಅಪರಾಧ ಎಂದೊಡನೆ ಸುಭದ್ರಾಳಿಗೆ ಮೊದಲು ಹೊಳೆದದ್ದು ಅರ್ಜಿಯ ವಿಷಯ. ಇಲ್ಲೇ ಕಾಯಂ ವಾಸಕ್ಕೆ ನಿತಿನ್ ಹಾಕಿದ ಅರ್ಜಿ ಇನ್ನೂ ಸರ್ಕಾರಿ ಕಚೇರಿಯಲ್ಲಿತ್ತು. ಆದರೆ ಅದಕ್ಕಿಂತ ಅವಳನ್ನು ಹಿಂಡಿದ್ದು ಇಸ್ತ್ರಿ ಶರಟಿನ ಅಪ್ಪ. ಇವರನ್ನು ಸೋಫಾದಿಂದ ಎಬ್ಬಿಸಿದ್ದೇ ಈ ಮೀನುಗಳು. ಈಗ ಇವರ ಜನ್ಮದ ಪುಣ್ಯವನ್ನೇ ಅಪರಾಧ ಎಂದು ಹೇಳಬೇಕಿತ್ತು.

"ಅಪ್ಪ, ಇದನ್ನ ಕೆರೆಗೆ ಬಿಡೋ ಹಾಗಿಲ್ಲ. ಸಾಕೋ ಹಾಗೂ ಇಲ್ಲ. ಇಲ್ಲೇ... ಇಲ್ಲೇ ಮುಗಿಸ್ಬೇಕಂತೆ. ಕಾನೂನಂತೆ. ಬೇರೆ ದೇಶದ ಮೀನು, ಇಲ್ಲಿನ ಮೀನನ್ನೆಲ್ಲ ತಿಂದ್ಬಿಡತ್ತಂತೆ."

ತಿಮ್ಮಪ್ಪನವರು ಹೊಂಡದ ಕಟ್ಟೆಯ ಮೇಲೆ ಕುಳಿತರು. ಬಕೆಟ್ಟಿನಲ್ಲಿ ಅಳಿಯಂದಿರು ಒಮ್ಮೆ ಬಾಲ ಬಡಿದು ಅವರ ಶರಟನ್ನು ಒದ್ದೆ ಮಾಡಿದರು.

"ನಮ್ಮ ಆಫ್ರಿಕನ್ ಕ್ಯಾಟ್‌ಫಿಶ್ ಇದ್ದ ಹಾಗಾ?"

"ಹೂಂ ಅಪ್ಪ. ಹಾಗೇ."

ಆ ನಿಷೇಧಿತ ಮೀನಿನ ಹೊಂಡಗಳನ್ನು ಬರಿದುಮಾಡಿಸುವ ಕೆಲಸವೂ ಒಂದು ಕಾಲಕ್ಕೆ ಅವರದೇ ಆಗಿತ್ತು. ಮೀನು ಕಳೆದುಕೊಂಡವರು ಮಂಡ್ಯದ ಮನೆಯ ಗೇಟಿನ ಹತ್ತಿರ ನಿಂತು ಗೋಗರೆಯುತ್ತಿದ್ದುದು ಸುಭದ್ರಾಳಿಗೆ ನೆನಪಿತ್ತು. ಅಪ್ಪ ಯಾರಿಗೂ ಸಡಿಲ ಬಿಟ್ಟವರಲ್ಲ.

ಆಗ ಯಾರೂ ಎಣಿಸದ ಕಡೆಯಿಂದ ಮಾತು ಬಂತು. "ಮಾವ, ಒಂದೇ ಒಂದು. ಆ ದೊಡ್ಡದನ್ನ ಮಾತ್ರ..." ನಿತಿನ್ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. "ಕೆರೆ ಇಲ್ಲೇ ಇದೆ. ಯಾರೂ ನೋಡಲ್ಲ. ಐ ವಿಲ್ ಟೇಕ್ ದಿ ರಿಸ್ಕ್."

ಸುಭದ್ರಾ ಗಂಡನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಬೀದಿ ಖಾಲಿಯಿದ್ದರೂ ಹಸಿರಾಗುವ ತನಕ ನಿಲ್ಲುವ ಮನುಷ್ಯ ಇವನು.

"ನಿಮಗ್ಯಾಕೆ ಅದರ ಮೇಲೆ ಅಷ್ಟೊಂದು..." ಎಂದರು ತಿಮ್ಮಪ್ಪನವರು.

"ನಾನೂ ಹಾಕ್ತಿದ್ದೆ ಮಾವ, ಮಧ್ಯಾಹ್ನ ನೀವು ಮಲಗಿದಾಗ. ಮೀಟಿಂಗ್ ಮಧ್ಯೆ ಬ್ರೇಕ್ ಸಿಕ್ಕಾಗೆಲ್ಲ. ಅದು ನನ್ನ ಕೈಯಿಂದಾನೇ ತಗೊಳ್ಳತ್ತೆ." ನಿತಿನ್ ಕಿವಿ ಕೆಂಪಾಗಿತ್ತು. "ಅದರ ಹೆಸರೂ ಗೊತ್ತು ನಂಗೆ. ಕಿಟಕಿ ತೆಗೆದೇ ಇರತ್ತೆ, ಎಲ್ಲ ಕೇಳ್ಸತ್ತೆ."

ತಿಮ್ಮಪ್ಪನವರು ನಾಚಿಕೊಂಡಿದ್ದನ್ನು ಸುಭದ್ರಾ ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಅವರು ಬಕೆಟ್ಟನ್ನು ನೋಡಿದರು, ಬೀದಿಯ ಕೊನೆಯನ್ನು ನೋಡಿದರು. ಕೆರೆ ನಿಜಕ್ಕೂ ಹತ್ತಿರವಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಎದ್ದು ನಿಂತು ಶರಟಿನ ಮಡಿಕೆ ಸರಿಮಾಡಿಕೊಂಡರು.

"ಬೇಡ ಅಳಿಯಂದಿರೆ. ಇನ್ನೊಬ್ಬರ ಹೊಂಡದಲ್ಲಿ ಒಂದೂ ಉಳಿಸಿದೋನಲ್ಲ ನಾನು. ನನ್ನದು ಅಂತ ಉಳಿಸ್ಕೊಂಡ್ರೆ ಆ ಗೇಟಿನ ಹತ್ರ ನಿಂತವರಿಗೆ ಏನು ಹೇಳ್ಲಿ? ಸುಭದ್ರಾ, ಅವರಿಗೆ ಹೇಳು. ಹನ್ನೊಂದೂ."

ತೆರಾದಾ ಸಾನ್ ನಗರ ಕಚೇರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಸಿದರು. ಕೇಳಿಸಿಕೊಂಡ ಅಲ್ಲಿಯವರು ಗದರಲಿಲ್ಲ. ಸಾಗಿಸದೆ ಅಲ್ಲೇ ಕೊಲ್ಲಿ, ಬೇಕಿದ್ದರೆ ತಿನ್ನಬಹುದು ಎಂದರಂತೆ. ಮುಖ್ಯ ಅತಿಥಿಗಳು ಕೋಟು ಕಳಚಿ, ತೋಳು ಮಡಚಿ, ಹಳೆಯ ಹಲಗೆ ಚಾಕು ತಂದರು. ಅವರ ಕೈಯಲ್ಲಿ ಒಂದೂ ಎರಡನೆಯ ಸಲ ಒದ್ದಾಡಲಿಲ್ಲ. ತಿಮ್ಮಪ್ಪನವರು ಪ್ರತಿಯೊಂದನ್ನೂ ತಾವೇ ಎತ್ತಿ ಕೊಟ್ಟರು. ಅಳಿಯಂದಿರನ್ನು ಕೊಡುವಾಗ ಮಾತ್ರ ತುಸು ತಡವಾಯಿತು. ಮುಗಿದಮೇಲೆ ತೆರಾದಾ ಸಾನ್ ಗಿಡ್ಡ ಕಲ್ಲಿನ ಮುಂದೆ ಕೈಮುಗಿದರು. ಅವರ ಕೊರಳಿಗೆಂದು ಕಟ್ಟಿದ್ದ ಚೆಂಡುಹೂವಿನ ಹಾರವನ್ನು ತಿಮ್ಮಪ್ಪನವರು ಆ ಕಲ್ಲಿಗೇ ಹಾಕಿದರು. ಇಬ್ಬರ ನಡುವಿನ ಎರಡು ಮೀಟರ್ ಎಲ್ಲಿ ಹೋಯಿತೋ, ಭುಜಕ್ಕೆ ಭುಜ ತಾಗಿಸಿಕೊಂಡೇ ನಿಂತಿದ್ದರು.

ಮಧ್ಯಾಹ್ನ ಹಿತ್ತಿಲಲ್ಲೇ ಇದ್ದಿಲ ಮೇಲೆ ಸೋಯಾ ಸಾಸಿನ ಸಿಹಿ ಲೇಪ ಹಚ್ಚಿ, ಹಾವುಮೀನು ಸುಡುವ ಹಾಗೆಯೇ ತೆರಾದಾ ಸಾನ್ ಸುಟ್ಟರು. ದೊಡ್ಡದು ನಿತಿನ್ ತಟ್ಟೆಗೆ ಬಂತು. ಹಾಕಿದ್ದೆಲ್ಲ ತಿನ್ನುವ ನಿತಿನ್ ಊಟದ ಕಡ್ಡಿಗಳನ್ನು ಕೆಳಗಿಟ್ಟ.

"ನಂಗಾಗಲ್ಲ ಮಾವ."

"ನಂಗೂ ಅಭ್ಯಾಸ ಇಲ್ಲ" ಎಂದರು ತಿಮ್ಮಪ್ಪನವರು. ಅಳಿಯನ ತಟ್ಟೆಯನ್ನು ತಮ್ಮ ಮುಂದಕ್ಕೆಳೆದುಕೊಂಡು, ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಅವರ ಕಣ್ಣು ತುಂಬಿತ್ತು, ಅದನ್ನವರು ಮರೆಮಾಡಲಿಲ್ಲ. ನಿಧಾನವಾಗಿ ಅಗಿದು ನುಂಗಿದರು. "ತಣ್ಣೀರಿನ ಜೀವ. ಈ ಕಾದ ನೀರಲ್ಲಿ ಬೆಳೆದೂ ಮೈ ಎಷ್ಟು ಗಟ್ಟಿ ನೋಡಿ."

ಆಮೇಲೆ ಬೆನ್ನಿನ ಕಡೆಯ ಒಳ್ಳೆಯ ತುಂಡೊಂದನ್ನು ಬಿಡಿಸಿಕೊಂಡು, ಕನ್ನಡಕ ಹಣೆಗೇರಿಸಿ, ಬೆರಳ ತುದಿಯಿಂದ ಮುಳ್ಳು ಹುಡುಕಿ ಹುಡುಕಿ ತೆಗೆಯತೊಡಗಿದರು. ಸುಭದ್ರಾಳಿಗೆ ಆ ಬೆರಳುಗಳ ಪರಿಚಯವಿತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಹೀಗೆಯೇ ಬಿಡಿಸಿ ಕೊಡುತ್ತಿದ್ದರು. ಅವಳಿಗಲ್ಲದೆ ಬೇರೆ ಯಾರಿಗೂ ಕೊಟ್ಟವರಲ್ಲ.

ಬಿಡಿಸಿದ ತುಂಡನ್ನು ಅವರು ನಿತಿನ್ ತಟ್ಟೆಗೆ ಹಾಕಿದರು.

"ತಿನ್ನಪ್ಪ ನಿತಿನ್" ಎಂದರು. "ಮುಳ್ಳು ತೆಗ್ದಿದೀನಿ."